ಎರಡು ಸಲ ನೋಡಿದ ಸಿನಿಮಾ

ನಮ್ಮ ಮನೆಯ ಹಜಾರದ ಕಿಟಕಿಗೆ ಹಸಿರು ಮಖಮಲ್ಲಿನ ಪರದೆಯೇ ಆಗಬೇಕೆಂದು ನಾನು ಹಟ ಹಿಡಿದಾಗ ನಮ್ಮವರಿಗೆ ಕಾರಣ ತಿಳಿಯಲಿಲ್ಲ. "ತಿಪಟೂರಿನ ಧೂಳಿಗೆ ಮಖಮಲ್ಲೇನೇ? ಒಗೆಯೋರು ಯಾರು?" ಅಂದರು. ಒಗೆಯುವವಳು ನಾನೇ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಕೊನೆಗೆ ಬಂದದ್ದು ಹಸಿರು ಬಣ್ಣದ ಕೈಮಗ್ಗದ ಬಟ್ಟೆ. ಆದರೂ ಅದನ್ನು ಕಿಟಕಿಗೆ ಏರಿಸುವ ಮುಂಚೆ, ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಮೈಗೆ ಸುತ್ತಿಕೊಂಡು ಕನ್ನಡಿಯ ಮುಂದೆ ನಿಂತಿದ್ದೆ. ಇಷ್ಟು ವರ್ಷ ಯಾರಿಗೂ ಹೇಳದ ಗುಟ್ಟು, ಈಗ ನಿಮಗೆ ಹೇಳುತ್ತಿದ್ದೇನೆ.

ಕಾರಣ ಒಂದು ಸಿನಿಮಾ. 1974ರ ಮಾತು. ನನಗೆ ಮದುವೆಯಾಗಿ ಎಂಟು ತಿಂಗಳು. ಬೆಂಗಳೂರಿನಲ್ಲಿದ್ದ ಹಿರಿಯ ಓರಗಿತ್ತಿಯ ಮನೆಗೆ ಹೋಗಿದ್ದೆ. ಅವರನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಅಕ್ಕ ಕಾಲೇಜು ಓದಿದವರು, ಇಂಗ್ಲಿಷ್ ಕಾದಂಬರಿಯನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುವವರು. ದಂಡಿನ ಕಡೆಯ ಒಂದು ಟಾಕೀಸಿಗೆ ‘ಗಾನ್ ವಿತ್ ದಿ ವಿಂಡ್’ ಮತ್ತೆ ಬಂದಿತ್ತು. "ಹೆಣ್ಣಾಗಿ ಹುಟ್ಟಿದ ಮೇಲೆ ಇದೊಂದು ನೋಡ್ಲೇಬೇಕು ಕಣೆ" ಎಂದು ಮ್ಯಾಟಿನಿಗೆ ಕರೆದುಕೊಂಡು ಹೋದರು. ಹೆಚ್ಚುಕಡಿಮೆ ನಾಲ್ಕು ಗಂಟೆಯ ಚಿತ್ರ. ಕೈಚೀಲದಲ್ಲಿ ಕೋಡುಬಳೆ ಇತ್ತು. ನನ್ನ ಇಂಗ್ಲಿಷು ಎಸ್ಸೆಸ್ಸೆಲ್ಸಿಗೇ ನಿಂತದ್ದು. ಅಕ್ಕ ಕಿವಿಯಲ್ಲಿ ಕಥೆ ಹೇಳುತ್ತಿದ್ದರು, ಹಿಂದಿನ ಸಾಲಿನವರು "ಶ್" ಅನ್ನುತ್ತಿದ್ದರು.

ನೀವೂ ನೋಡಿರಬಹುದು. ನೋಡದವರಿಗಾಗಿ ಎರಡು ಮಾತು. ಅಮೆರಿಕದ ದಕ್ಷಿಣ ಭಾಗದಲ್ಲಿ ಜಾರ್ಜಿಯಾ ಎಂಬ ಸೀಮೆ. ಅಲ್ಲಿ ಹತ್ತಿ ಬೆಳೆಯುವ ಬಿಳಿಯ ಸಾಹುಕಾರರು, ಅವರ ಹೊಲದಲ್ಲಿಯೂ ಮನೆಯಲ್ಲಿಯೂ ದುಡಿಯುವ ಗುಲಾಮರು, ಕಪ್ಪು ಜನ. 1861ರಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ಯುದ್ಧ ಹತ್ತಿಕೊಳ್ಳುತ್ತದೆ. 1865ರಲ್ಲಿ ದಕ್ಷಿಣ ಸೋಲುತ್ತದೆ, ಗುಲಾಮಗಿರಿ ಮುಗಿಯುತ್ತದೆ. ಇದರ ನಡುವೆ ಟಾರಾ ಎಂಬ ತೋಟದಮನೆಯ ಮಗಳು ಸ್ಕಾರ್ಲೆಟ್. ಅವಳ ಮನಸ್ಸೆಲ್ಲ ಆಶ್ಲಿಯ ಮೇಲೆ. ಆಶ್ಲಿ ಮದುವೆಯಾಗುವುದು ಸಾಧು ಹೆಣ್ಣು ಮೆಲನಿಯನ್ನು. ಸ್ಕಾರ್ಲೆಟ್ಟಳನ್ನು ಸರಿಯಾಗಿ ಅರ್ಥ ಮಾಡಿಕೊಂಡವನು ರೆಟ್ ಬಟ್ಲರ್ ಒಬ್ಬನೇ, ಆದರೆ ಅದು ಅವಳಿಗೆ ತಿಳಿಯುವ ಹೊತ್ತಿಗೆ ಅವನು ಹೊಸಿಲು ದಾಟಿರುತ್ತಾನೆ. ಮಾರ್ಗರೆಟ್ ಮಿಚೆಲ್ ಎಂಬಾಕೆಯ ಈ ದಪ್ಪ ಕಾದಂಬರಿ ಬಂದದ್ದು 1936ರಲ್ಲಿ. ಡೇವಿಡ್ ಸೆಲ್ಜ್ನಿಕ್ ಎಂಬ ನಿರ್ಮಾಪಕರು ಅದನ್ನು 1939ರಲ್ಲಿ ಬಣ್ಣದ ಚಿತ್ರ ಮಾಡಿದರು.

ಅಂದು ನನ್ನನ್ನು ಹಿಡಿದದ್ದು ಪ್ರೇಮವಲ್ಲ. ಯುದ್ಧದಲ್ಲಿ ಎಲ್ಲ ಕಳೆದುಕೊಂಡು ತೌರಿಗೆ ಬಂದ ಸ್ಕಾರ್ಲೆಟ್, ಮಣ್ಣಿನಿಂದ ಮೂಲಂಗಿ ಕಿತ್ತು ತಿಂದು, ಇನ್ನು ಮುಂದೆ ತಾನೂ ತನ್ನವರೂ ಹಸಿದಿರುವುದಿಲ್ಲ ಎಂದು ಆಣೆ ಇಡುತ್ತಾಳಲ್ಲ, ಆಗ ಗಂಟಲು ಕಟ್ಟಿತು. ಆಮೇಲೆ ಕಂದಾಯ ಕಟ್ಟಲು ದುಡ್ಡಿಲ್ಲದೆ, ಕಿಟಕಿಯ ಹಸಿರು ಮಖಮಲ್ ಪರದೆ ಇಳಿಸಿ ಉಡುಪು ಹೊಲಿಸಿಕೊಂಡು, ಬಡತನ ತೋರದ ಹಾಗೆ ಸಾಲ ಕೇಳಲು ಹೋಗುತ್ತಾಳಲ್ಲ, ಆಗಂತೂ ಅತ್ತೇಬಿಟ್ಟೆ. ನಮ್ಮ ತಂದೆ ತೀರಿಕೊಂಡ ವರ್ಷ, ಜಮೀನು ಸಾಲಕ್ಕೆ ಹೋದಾಗ, ಅಮ್ಮ ತನ್ನ ಧಾರೆ ಸೀರೆಯನ್ನು ಕತ್ತರಿಸಿ ನನಗೂ ತಂಗಿಗೂ ಲಂಗ ಹೊಲಿದು, "ಹೊಸದು ಅಂತ ಹೇಳಿ" ಎಂದು ಮದುವೆಮನೆಗೆ ಕಳಿಸಿದ್ದಳು. ಅಮೆರಿಕದ ಹುಡುಗಿಗೆ ಇದು ಹೇಗೆ ತಿಳಿಯಿತು ಅನ್ನಿಸಿತು. "ಹುಡುಗಿ ಅಮೆರಿಕದವಳಲ್ಲ ಕಣೆ, ಬ್ರಿಟಿಷ್ ನಟಿ. ಹುಟ್ಟಿದ್ದು ನಮ್ಮ ಡಾರ್ಜಿಲಿಂಗ್‌ನಲ್ಲಿ" ಎಂದರು ಅಕ್ಕ. ನಿಜವೇ. ವಿವಿಯನ್ ಲೀ 1913ರಲ್ಲಿ ಹುಟ್ಟಿದ್ದು ಅಲ್ಲಿ. 1917ರಲ್ಲಿ ತಂದೆಯನ್ನು ಬೆಂಗಳೂರಿನ ದಂಡಿಗೆ ಹಾಕಿದಾಗ ತಾಯಿ ಮಗಳು ಊಟಿಯಲ್ಲಿದ್ದರಂತೆ.

ಇನ್ನೊಬ್ಬಳೂ ಮನಸ್ಸಿನಲ್ಲಿ ಉಳಿದಳು, ಮ್ಯಾಮಿ. ಸ್ಕಾರ್ಲೆಟ್ಟಳನ್ನು ಸಾಕಿದ ದಪ್ಪ ಮೈಯ ಕಪ್ಪು ಹೆಂಗಸು. ಸೊಂಟದ ಪಟ್ಟಿ ಬಿಗಿಯುತ್ತಾ ಬೈಯುತ್ತಾಳೆ, ಔತಣಕ್ಕೆ ಹೋಗುವ ಮುಂಚೆ ಮನೆಯಲ್ಲೇ ತಿಂದು ಹೋಗು ಎಂದು ಗದರುತ್ತಾಳೆ. "ಅಕ್ಕಾ, ಇವಳು ನಮ್ಮ ಆಯಮ್ಮನೇ!" ಎಂದು ನಾನು ಜೋರಾಗಿಯೇ ಅಂದೆ.

ಆಯಮ್ಮ ನಮ್ಮನ್ನು ಎತ್ತಿ ಆಡಿಸಿದವಳು. ಹಿತ್ತಿಲ ಬಾಗಿಲಿಂದ ಬರುವಳು, ಪಾತ್ರೆ ತಿಕ್ಕುವಳು, ಭತ್ತ ಕುಟ್ಟುವಳು, ನನ್ನ ತಲೆಯ ಹೇನು ತೆಗೆಯುತ್ತಾ ಕಥೆ ಹೇಳುವಳು. ತಂದೆ ಹೋದ ಮೇಲೆ ಎರಡು ವರ್ಷ ಸಂಬಳ ಕೊಡಲು ನಮ್ಮಲ್ಲಿ ಏನೂ ಇರಲಿಲ್ಲ. ಆದರೂ ಅವಳು ಬಿಟ್ಟು ಹೋಗಲಿಲ್ಲ. "ಒಂದು ಕಾಸು ಕೇಳ್ಲಿಲ್ಲ ಆಯಮ್ಮ. ಅಂಥಾ ಪ್ರೀತಿ" ಎಂದು ಅಮ್ಮ ಸಾಯುವತನಕ ಹೇಳುತ್ತಿದ್ದಳು. ಸಿನಿಮಾದ ಮ್ಯಾಮಿಯೂ ಹಾಗೇ. ಗುಲಾಮಗಿರಿ ಹೋದರೂ ಅವಳು ಟಾರಾ ಬಿಟ್ಟು ಹೋಗುವುದಿಲ್ಲ. ಟಾಕೀಸಿನಿಂದ ಹೊರಗೆ ಬಂದಾಗ ನನಗೆ ಆಯಮ್ಮನ ಮೇಲೆ ಉಕ್ಕಿ ಬಂದ ಮಮತೆ ಅಷ್ಟಿಷ್ಟಲ್ಲ.

ಇದು ಮೊದಲ ಸಲ ನೋಡಿದ ಕಥೆ. ಎರಡನೆಯ ಸಲ ನೋಡಿದ್ದು ಐವತ್ತು ವರ್ಷದ ಮೇಲೆ, 2024ರ ಸಂಕ್ರಾಂತಿಗೆ. ಮೊಮ್ಮಗಳು ರಜೆಗೆ ಬಂದಿದ್ದಳು. ಬೆಂಗಳೂರಿನಲ್ಲಿ ಪತ್ರಿಕೋದ್ಯಮ ಓದುತ್ತಾಳೆ. ಹಳೆಯ ಚಿತ್ರವೊಂದನ್ನು ವಿಮರ್ಶಕರು ಕಾಲಕಾಲಕ್ಕೆ ಹೇಗೆ ನೋಡಿದರು ಎಂದು ಬರೆದುಕೊಂಡು ಹೋಗಬೇಕಂತೆ. ಅವಳು ಆರಿಸಿಕೊಂಡಿದ್ದು ನನ್ನ ಸಿನಿಮಾವನ್ನೇ! ನನಗೆ ಹಿಗ್ಗೋ ಹಿಗ್ಗು. ಅವರೆಕಾಯಿ ಬುಟ್ಟಿ ಮುಂದಿಟ್ಟುಕೊಂಡು ಟೀವಿಯ ಮುಂದೆ ಕೂತೆ.

ಮ್ಯಾಮಿ ಬಂದಳು. "ನಮ್ಮ ಆಯಮ್ಮನ ಹಾಗೇ ಇದ್ದಾಳೆ ನೋಡೇ" ಅಂದೆ.

"ಆಕೆ ಹೆಸರೇನು ಅಜ್ಜಿ?"

"ಮ್ಯಾಮಿ."

"ಅದು ಹೆಸರಲ್ಲ ಅಜ್ಜಿ. ಮಗು ಸಾಕೋ ಕಪ್ಪು ಹೆಂಗಸರನ್ನೆಲ್ಲ ಹಾಗೇ ಕರೀತಿದ್ರು. ಹೆಸರೇನು?"

ನನ್ನ ಕೈಯ ಅವರೆಕಾಯಿ ಕೈಯಲ್ಲೇ ಉಳಿಯಿತು. ನಾಲ್ಕು ಗಂಟೆಯ ಸಿನಿಮಾದಲ್ಲಿ ಅವಳಿಗೆ ಹೆಸರಿಲ್ಲ. ಅಷ್ಟು ದಪ್ಪ ಪುಸ್ತಕದಲ್ಲೂ ಇಲ್ಲವಂತೆ. 2014ರಲ್ಲಿ ಬೇರೊಬ್ಬ ಲೇಖಕ, ಡೊನಾಲ್ಡ್ ಮೆಕೆಯ್ಗ್, ಮಿಚೆಲ್ ಅವರ ವಾರಸುದಾರರ ಒಪ್ಪಿಗೆಯ ಮೇಲೆ ಮ್ಯಾಮಿಯ ಹಿಂದಿನ ಕಥೆ ಬರೆದು, ಅವಳಿಗೆ ರೂತ್ ಎಂದು ಹೆಸರಿಟ್ಟರಂತೆ. ಎಪ್ಪತ್ತೆಂಟು ವರ್ಷದ ಮೇಲೆ ನಾಮಕರಣ!

ಆಮೇಲೆ ಅವಳು ತನ್ನ ಟಿಪ್ಪಣಿ ಓದುತ್ತಾ ಹೋದಳು, ನಾನು ಕಾಳು ಬಿಡಿಸುತ್ತಾ ಕೇಳಿದೆ. ಕೇಳಿದ್ದನ್ನು ನಿಮಗೂ ಹೇಳಬೇಕು.

ಚಿತ್ರ ಮೊದಲು ತೆರೆಗೆ ಬಂದದ್ದು 1939ರ ಡಿಸೆಂಬರ್ 15ರಂದು, ಅಟ್ಲಾಂಟ ಪಟ್ಟಣದಲ್ಲಿ. ನಮ್ಮ ದಸರೆಯೇ ಅಂದುಕೊಳ್ಳಿ. ಮೂರು ದಿನದ ಹಬ್ಬ, ಸರ್ಕಾರಿ ರಜೆ, ತಾರೆಯರನ್ನು ನೋಡಲು ಬೀದಿಯ ಎರಡೂ ಬದಿಗೆ ಲಕ್ಷಗಟ್ಟಲೆ ಜನ. ಆದರೆ ಮ್ಯಾಮಿಯಾಗಿ ನಟಿಸಿದ ಹ್ಯಾಟಿ ಮೆಕ್‌ಡೇನಿಯಲ್ ಅಲ್ಲಿರಲಿಲ್ಲ. ಕಪ್ಪು ಜನರು ಬಿಳಿಯರ ಜೊತೆ ಕೂರಬಾರದು ಎಂಬ ಕಾನೂನು ಆ ಊರಲ್ಲಿತ್ತು. ಹಿಂದಿನ ರಾತ್ರಿ ನಡೆದ ನೃತ್ಯಕೂಟದಲ್ಲಿ ಒಂದು ಚರ್ಚಿನ ಕಪ್ಪು ಮಕ್ಕಳಿಗೆ ಗುಲಾಮರ ವೇಷ ಹಾಕಿಸಿ ಹಾಡಿಸಿದರು. ಅದರಲ್ಲಿ ಹತ್ತು ವರ್ಷದ ಒಬ್ಬ ಹುಡುಗನಿದ್ದ. ಮಾರ್ಟಿನ್ ಲೂಥರ್ ಕಿಂಗ್! ನಮ್ಮ ಗಾಂಧೀಜಿಯ ದಾರಿ ಹಿಡಿದು ಮುಂದೆ ಆ ಕಾನೂನುಗಳ ವಿರುದ್ಧವೇ ಹೋರಾಡಿದ ಮಹಾನುಭಾವ.

ದೊಡ್ಡ ಪತ್ರಿಕೆಗಳು ಬಹುಪಾಲು ಹೊಗಳಿದವು. ನ್ಯೂಯಾರ್ಕ್ ಟೈಮ್ಸಿನ ಫ್ರಾಂಕ್ ನ್ಯೂಜೆಂಟ್, ಇದು ಎಲ್ಲಕ್ಕಿಂತ ಶ್ರೇಷ್ಠ ಚಿತ್ರವಲ್ಲದಿದ್ದರೂ ಇಷ್ಟು ಭವ್ಯವಾದದ್ದನ್ನು ನೋಡಿಲ್ಲ ಎಂಬ ಅರ್ಥದಲ್ಲಿ ಬರೆದರು. ವಿವಿಯನ್ ಲೀಯಂತೂ ಎಲ್ಲರಿಗೂ ಮೆಚ್ಚುಗೆ. ಎರಡನೆಯ ಅರ್ಧ ಎಳೆದಂತಾಯಿತು ಎಂದವರೂ ಇದ್ದರು. (ನನಗೂ ಹಾಗೇ ಅನ್ನಿಸಿತ್ತು, ಕೋಡುಬಳೆ ಖಾಲಿಯಾಗಿದ್ದಕ್ಕೋ ಏನೋ.) ಎಂಟು ಆಸ್ಕರ್ ಪ್ರಶಸ್ತಿ, ಮೇಲೆ ಎರಡು ವಿಶೇಷ ಗೌರವ ಬಂದವು.

ಆದರೆ ಅದೇ ಹೊತ್ತಿನಲ್ಲಿ ಬೇರೆ ಮಾತೂ ಎದ್ದಿತ್ತು. ಅದು ನನ್ನ ಕಿವಿಗೆ ಬೀಳಲು ಇಷ್ಟು ವರ್ಷ ಬೇಕಾಯಿತು. 1940ರ ಜನವರಿಯಲ್ಲೇ ಕಾರ್ಲ್‌ಟನ್ ಮಾಸ್ ಎಂಬ ಕಪ್ಪು ನಾಟಕಕಾರರು ಸೆಲ್ಜ್ನಿಕ್ ಅವರಿಗೆ ಬಹಿರಂಗ ಪತ್ರ ಬರೆದರು. 1915ರಲ್ಲಿ ‘ದಿ ಬರ್ತ್ ಆಫ್ ಎ ನೇಷನ್’ ಎಂಬ ಚಿತ್ರ ಬಂದಿತ್ತು. ಕಪ್ಪು ಜನರನ್ನು ರಾಕ್ಷಸರಂತೆ ತೋರಿಸಿದ ಚಿತ್ರ. ಅದು ಎದುರಿನಿಂದ ಬಂದ ಪೆಟ್ಟು, ಇದು ಬೆನ್ನ ಹಿಂದಿನ ಪೆಟ್ಟು ಎಂಬುದು ಮಾಸ್ ಅವರ ವಾದ. ಮೆಲ್ವಿನ್ ಟೋಲ್ಸನ್ ಎಂಬ ಕವಿ, ಮೇಷ್ಟ್ರು, ಇನ್ನೂ ಚೂಪಾಗಿ ಬರೆದರು. ಮೊದಲಿನದು ದಡ್ಡನಿಗೂ ತಿಳಿಯುವ ಸುಳ್ಳು, ಇದು ನಯವಾದ ಸುಳ್ಳು, ಆದ್ದರಿಂದ ಕೋಟ್ಯಂತರ ಜನ ನಿಜವೆಂದು ನುಂಗುತ್ತಾರೆ ಎಂಬುದು ಅವರ ಮಾತಿನ ಸಾರ.

ನುಂಗಿದವರಲ್ಲಿ ನಾನೂ ಒಬ್ಬಳಲ್ಲವೇ?

ಏನದು ಸುಳ್ಳು ಎಂದು ಮೊಮ್ಮಗಳನ್ನೇ ಕೇಳಿದೆ. "ಗುಲಾಮರು ಸುಖವಾಗಿದ್ರು, ಒಡೆಯರನ್ನ ಪ್ರೀತಿಸ್ತಿದ್ರು, ಬಿಡುಗಡೆ ಬಂದ್ರೂ ಬಿಟ್ಟು ಹೋಗ್ಲಿಲ್ಲ ಅನ್ನೋದು ಅಜ್ಜಿ. ಅವರನ್ನ ಮಾರ್ತಿದ್ರು, ಚಾಟೀಲಿ ಹೊಡೀತಿದ್ರು, ತಾಯಿ ಮಕ್ಕಳನ್ನ ಅಗಲಿಸ್ತಿದ್ರು. ಅದೆಲ್ಲ ಈ ಸಿನಿಮಾದಲ್ಲಿ ಎಲ್ಲಿದೆ?"

ಇಲ್ಲ. ನಿಜಕ್ಕೂ ಇಲ್ಲ. ಕಪ್ಪು ಜನರ ಸಂಘದವರು ಮುಂಚೆಯೇ ಒತ್ತಾಯ ಮಾಡಿದ್ದರಿಂದ, ಅವರನ್ನು ಹೀನಾಯವಾಗಿ ಕರೆಯುವ ಶಬ್ದವನ್ನು ಸೆಲ್ಜ್ನಿಕ್ ತೆಗೆಸಿದರು. ಪುಸ್ತಕದಲ್ಲಿದ್ದ ಬಿಳಿಯರ ಗುಪ್ತಪಡೆಯ ಹೆಸರನ್ನೂ ಚಿತ್ರದಲ್ಲಿ ಕೈಬಿಟ್ಟರು. ಅಷ್ಟಾದರೂ ಆಯಿತು. ಆದರೆ ಕಥೆಯ ಬೇರು ಹಾಗೇ ಉಳಿಯಿತು.

ಆಮೇಲೆ ಪ್ರಿಸ್ಸಿ ಎಂಬ ಎಳೆಯ ಗುಲಾಮ ಹುಡುಗಿಯ ದೃಶ್ಯ ಬಂತು. ಬಾಣಂತನ ಮಾಡಲು ಬರುತ್ತದೆ ಎಂದು ಜಂಬ ಕೊಚ್ಚಿ, ಮೆಲನಿಗೆ ನೋವು ಬಂದಾಗ ತನಗೇನೂ ತಿಳಿಯದು ಎಂದು ಅಳುವವಳು. ಸ್ಕಾರ್ಲೆಟ್ ಅವಳ ಕೆನ್ನೆಗೆ ಹೊಡೆಯುತ್ತಾಳೆ. 1974ರಲ್ಲಿ ಇಡೀ ಟಾಕೀಸು ನಕ್ಕಿತ್ತು, ನಾನೂ ನಕ್ಕಿದ್ದೆ. ಮುಂದೆ ಕಪ್ಪು ಜನರ ದೊಡ್ಡ ಮುಂದಾಳಾದ ಮಾಲ್ಕಮ್ ಎಕ್ಸ್, ಹುಡುಗನಾಗಿದ್ದಾಗ ಮಿಷಿಗನ್ನಿನ ಒಂದು ಸಣ್ಣ ಊರಲ್ಲಿ ಈ ಚಿತ್ರ ನೋಡಿದ್ದರಂತೆ. ಟಾಕೀಸಿನಲ್ಲಿ ಅವರೊಬ್ಬರೇ ಕಪ್ಪು ಹುಡುಗ. ಪ್ರಿಸ್ಸಿಯ ನಟನೆ ಶುರುವಾದಾಗ ಕೆಳಗೆ ಹಾಸಿದ ಜಮಖಾನದಡಿ ತೂರಿಕೊಳ್ಳೋಣ ಅನ್ನಿಸಿತು ಎಂದು ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ. ಒಂದೇ ದೃಶ್ಯ. ನಾನು ಕೋಡುಬಳೆ ಕಡಿಯುತ್ತಾ ನಕ್ಕೆ. ಆ ಹುಡುಗನಿಗೆ ತಲೆ ಎತ್ತಲಾಗಲಿಲ್ಲ.

ಹೆಂಗಸರಾದ ನಾವು ಇನ್ನೊಂದು ದೃಶ್ಯವನ್ನೂ ನೆನೆಯಬೇಕು. ಕುಡಿದ ರೆಟ್, ಬೇಡವೆಂದು ಬಡಿದಾಡುವ ಹೆಂಡತಿಯನ್ನು ಎತ್ತಿಕೊಂಡು ಕೆಂಪು ಹಾಸಿನ ಮೆಟ್ಟಿಲೇರುತ್ತಾನೆ. ಮಾರನೆಯ ಬೆಳಿಗ್ಗೆ ಅವಳು ಹಾಸಿಗೆಯಲ್ಲಿ ನಗುತ್ತಾ ಹಾಡಿಕೊಳ್ಳುತ್ತಾಳೆ. ಅಂದು ಹಿಂದಿನ ಸಾಲಿನಲ್ಲಿ ಶಿಳ್ಳೆ ಬಿತ್ತು. ಅಷ್ಟು ಹೊತ್ತು ಕಥೆ ಹೇಳುತ್ತಿದ್ದ ಅಕ್ಕ ಸುಮ್ಮನಾದರು. ಯಾಕೆಂದು ನಾನು ಕೇಳಲಿಲ್ಲ. ಮುಂದೆ ಸ್ತ್ರೀವಾದಿ ವಿಮರ್ಶಕಿಯರು ಈ ದೃಶ್ಯವನ್ನು ಹಿಡಿದು ತರಾಟೆಗೆ ತೆಗೆದುಕೊಂಡರು. ಬಲವಂತವನ್ನು ಪ್ರೀತಿಯೆಂದು ತೋರಿಸಬಹುದೇ ಎಂದು ಕೇಳಿದರು. ಅವರಲ್ಲೇ ಸ್ಕಾರ್ಲೆಟ್ಟಳನ್ನು ಬಿಟ್ಟುಕೊಡದವರೂ ಇದ್ದಾರೆ. ದಕ್ಷಿಣದಲ್ಲೇ ಬೆಳೆದ ಮಾಲಿ ಹ್ಯಾಸ್ಕೆಲ್ ಎಂಬ ವಿಮರ್ಶಕಿ 2009ರಲ್ಲಿ ಈ ಚಿತ್ರದ ಮೇಲೆ ಒಂದು ಪುಸ್ತಕವನ್ನೇ ಬರೆದರು. ಅಂಥ ಛಲದ ಹೆಣ್ಣು ಆ ಕಾಲದ ತೆರೆಯ ಮೇಲೆ ಎಷ್ಟು ಜನ ಇದ್ದರು, ಹೇಳಿ?

ಹ್ಯಾಟಿಯ ಕಥೆ ಕೇಳಿದರೆ ನಿಮಗೂ ಸಂಕಟವಾದೀತು. ಆಕೆಯ ತಂದೆಯೇ ಗುಲಾಮರಾಗಿದ್ದವರು, ಯುದ್ಧದಲ್ಲಿ ಉತ್ತರದ ಪಡೆ ಸೇರಿ ಹೋರಾಡಿದವರು. 1940ರ ಫೆಬ್ರುವರಿ 29ರಂದು ಹ್ಯಾಟಿಗೆ ಪೋಷಕ ನಟಿಯ ಆಸ್ಕರ್ ಬಂತು. ಕಪ್ಪು ಜನಾಂಗದಲ್ಲಿ ಆ ಪ್ರಶಸ್ತಿ ಪಡೆದ ಮೊದಲಿಗರು ಆಕೆಯೇ. ಆದರೆ ಸಮಾರಂಭ ನಡೆದ ಹೋಟೆಲಿನಲ್ಲಿ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. ಸೆಲ್ಜ್ನಿಕ್ ಕೇಳಿಕೊಂಡ ಮೇಲೆ ಒಳಗೆ ಬಿಟ್ಟರು, ಚಿತ್ರದವರ ಜೊತೆ ಕೂರಿಸಲಿಲ್ಲ, ದೂರದ ಗೋಡೆಯ ಪಕ್ಕ ಬೇರೆ ಮೇಜು ಹಾಕಿದರು. ಅತ್ತ ತಮ್ಮ ಜನವೇ, ಯಾವಾಗಲೂ ಕೆಲಸದವಳ ಪಾತ್ರವೇ ಯಾಕೆ ಎಂದು ಟೀಕಿಸಿತು. ನಿಜವಾಗಿ ಮನೆಗೆಲಸಕ್ಕೆ ಹೋದರೆ ವಾರಕ್ಕೆ 7 ಡಾಲರು, ಕೆಲಸದವಳ ವೇಷ ಹಾಕಿದರೆ 700 ಎಂಬ ಅರ್ಥದ ಉತ್ತರ ಕೊಡುತ್ತಿದ್ದರಂತೆ. 1952ರಲ್ಲಿ ತೀರಿಕೊಂಡಾಗ, ಆಕೆ ಇಷ್ಟಪಟ್ಟ ಹಾಲಿವುಡ್ಡಿನ ಸ್ಮಶಾನದಲ್ಲಿ ಜಾಗ ಕೊಡಲಿಲ್ಲ. 1999ರಲ್ಲಿ ಅಲ್ಲಿ ಒಂದು ಸ್ಮಾರಕ ನಿಲ್ಲಿಸಿದರು. ವಿಶ್ವವಿದ್ಯಾಲಯವೊಂದಕ್ಕೆ ಸೇರಿದ್ದ ಆಕೆಯ ಪ್ರಶಸ್ತಿ ಫಲಕವೂ ಕಾಣೆಯಾಗಿ, 2023ರಲ್ಲಿ ಬದಲಿ ಕೊಟ್ಟರು.

ಬೇರೆ ಮೇಜು ಎಂದು ಕೇಳಿದ ಕೂಡಲೇ ನನ್ನ ಕಣ್ಣ ಮುಂದೆ ಬಂದದ್ದು ಒಂದು ಅಲ್ಯೂಮಿನಿಯಂ ಲೋಟ. ನಮ್ಮ ತೌರಿನ ಹಿತ್ತಿಲ ಕಿಟಕಿಯ ಹೊರಗೆ, ಕಟ್ಟೆಯ ಮೇಲೆ ಬೋರಲಾಗಿ ಇರುತ್ತಿದ್ದ ಲೋಟ. ಅದು ಆಯಮ್ಮನದು. ಅಮ್ಮ ಕಾಫಿಯನ್ನು ಮೇಲಿಂದ ಹುಯ್ಯುತ್ತಿದ್ದಳು.

2020ರಲ್ಲಿ ಇನ್ನೊಂದು ಅಧ್ಯಾಯ. ಆ ಮೇ ತಿಂಗಳಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯ ಪೊಲೀಸರ ಕೈಯಲ್ಲಿ ಸತ್ತು ದೇಶವೇ ಹೊತ್ತಿ ಉರಿಯಿತಲ್ಲ, ಆಗ ಜಾನ್ ರಿಡ್ಲಿ ಎಂಬ ಕಪ್ಪು ಚಿತ್ರಕಥೆಗಾರರು, ಈ ಚಿತ್ರವನ್ನು ಸ್ವಲ್ಪ ಕಾಲ ಪಕ್ಕಕ್ಕಿಡಿ ಎಂದು ಪತ್ರಿಕೆಯಲ್ಲಿ ಬರೆದರು. ಎಚ್‌ಬಿಓ ಮ್ಯಾಕ್ಸ್ ಅದನ್ನು ತೆಗೆದುಹಾಕಿತು. ಅತ್ತ ತೆಗೆದರೆ, ಇತ್ತ ಅಂಗಡಿಯಲ್ಲಿ ಅದೇ ಚಿತ್ರ ಬಿಸಿಬಿಸಿ ಮಾರಾಟ! ಬಚ್ಚಿಟ್ಟ ಉಂಡೆಯ ಡಬ್ಬಿಗೇ ಮಕ್ಕಳ ಕೈ ಹೋಗುವುದಲ್ಲವೇ? ಎರಡು ವಾರದಲ್ಲಿ ಚಿತ್ರ ವಾಪಸ್ಸು ಬಂತು. ಆದರೆ ಜಾಕ್ವೆಲಿನ್ ಸ್ಟೂವರ್ಟ್ ಎಂಬ ಕಪ್ಪು ಪ್ರಾಧ್ಯಾಪಕಿಯ ನಾಲ್ಕು ಮಾತನ್ನು ಮೊದಲಿಗೆ ಸೇರಿಸಿದರು. ಇದರಲ್ಲಿ ಏನಿದೆ, ಏನಿಲ್ಲ, ಯಾಕೆ ನೋಡಬೇಕು ಎಂದು.

ನನಗೆ ಇದು ಸರಿ ಕಂಡಿತು. ಹಿಂದೆ ರೇಷನ್ ಅಕ್ಕಿ ಬಂದ ದಿನ ಅಮ್ಮ ಬಡಿಸುವ ಮುಂಚೆ, "ಕಲ್ಲಿದೆ, ನೋಡ್ಕೊಂಡು ಉಣ್ಣಿ" ಅನ್ನುತ್ತಿದ್ದಳು. ಅನ್ನ ಚೆಲ್ಲಲಿಲ್ಲ, ಕಲ್ಲಿಲ್ಲ ಅಂತಲೂ ಹೇಳಲಿಲ್ಲ. ಮೂಲಂಗಿಯ ದೃಶ್ಯಕ್ಕೆ ಎರಡನೆಯ ಸಲವೂ ನನ್ನ ಗಂಟಲು ಕಟ್ಟಿತು, ಅದನ್ನು ಮುಚ್ಚಿಡುವುದಿಲ್ಲ. ಹಸಿರು ಪರದೆಯ ಉಡುಪೂ ಅಷ್ಟೇ ಚೆಂದ ಕಂಡಿತು. ಆದರೆ ಈ ಸಲ, ಆ ಪರದೆಯನ್ನು ಕೆಳಗಿಳಿಸಲು ಬೇಡವೆಂದು ಜಗಳವಾಡಿ, ಕೊನೆಗೆ ಸ್ಕಾರ್ಲೆಟ್ಟಳ ಹಿಂದೆಯೇ ಪಟ್ಟಣಕ್ಕೆ ಹೊರಡುವ ಮ್ಯಾಮಿಯೂ ಕಂಡಳು. ತನ್ನದೆನ್ನುವ ಮನೆ ಅವಳಿಗಿತ್ತೇ? ಮಕ್ಕಳಿದ್ದರೇ? ಹೋಗಲು ಇನ್ನೊಂದು ಜಾಗವಿತ್ತೇ? ಚಿತ್ರ ಹೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ಅಂದು ರಾತ್ರಿ ಅರಸೀಕೆರೆಯಲ್ಲಿರುವ ನಮ್ಮಣ್ಣನಿಗೆ ಫೋನು ಮಾಡಿದೆ. ಅವನಿಗೆ ಎಂಬತ್ತರ ಹತ್ತಿರ.

"ಅಣ್ಣಯ್ಯ, ಆಯಮ್ಮನ ಹೆಸರೇನೋ?"

"ಆಯಮ್ಮನ ಹೆಸರು ಆಯಮ್ಮ ಅಂತಲೇ ಅಲ್ವೇನೇ?"

"ಅದು ನಾವು ಕರೀತಿದ್ದಿದ್ದು. ಅವಳ ಹೆಸರು?"

ಬಹಳ ಹೊತ್ತು ಅವನು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, "ಗೊತ್ತಿಲ್ಲ ಕಣೆ" ಅಂದ. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, "ಅವಳಿಗೆ ಒಬ್ಬಳು ಮಗಳಿದ್ಲು. ಸಾಯಂಕಾಲ ಅಮ್ಮ ಕೊಟ್ಟ ತಂಗಳನ್ನ ಸೆರಗಲ್ಲಿ ಕಟ್ಕೊಂಡು ಹೋಗ್ತಿದ್ದಿದ್ದು ಆ ಮಗೂಗೇ. ಅದೇ ಅವಳ ಸಂಬಳ ಆಗಿತ್ತು ಆ ಎರಡು ವರ್ಷ" ಅಂದ.

ಅಮ್ಮ ಅದನ್ನು ಪ್ರೀತಿ ಎಂದಳು. ಪ್ರೀತಿ ಇರಲೇ ಇಲ್ಲ ಎಂದು ನಾನು ಹೇಳಲಾರೆ. ನನ್ನ ತಲೆಯಲ್ಲಿ ಓಡಾಡಿದ ಆ ಬೆರಳುಗಳ ನೆನಪು ಸುಳ್ಳಲ್ಲ. ಆದರೆ ಬಿಟ್ಟು ಹೋಗಲು ಜಾಗವಿಲ್ಲದವಳು ಉಳಿದರೆ, ಉಳಿಸಿಕೊಂಡವರು ಅದಕ್ಕೆ ಪ್ರೀತಿ ಎಂದು ಹೆಸರಿಡುವುದು ಸುಲಭ. ಅವಳ ಹೆಸರನ್ನು ತಿಳಿದುಕೊಳ್ಳದೆಯೇ ಇಡಬಹುದು. ಆ ಟೋಲ್ಸನ್ ಮೇಷ್ಟ್ರು ಹೇಳಿದ ನಯವಾದ ಸುಳ್ಳು ಇದೇ ಇರಬೇಕು.

ಈಗ ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆಯ ಹೆಸರು ನನಗೆ ಗೊತ್ತು, ಫೋನಿನಲ್ಲೂ ಇದೆ. ಮಾರನೆಯ ಬೆಳಿಗ್ಗೆ ಬಂದಾಗ, ಕಾಫಿಯನ್ನು ನಮ್ಮ ಸ್ಟೀಲ್ ಲೋಟದಲ್ಲೇ ಹಾಕಿ ಒಳಗೆ ಕೂತು ಕುಡಿಯಲು ಹೇಳಿದೆ. ಆಕೆ ಅನುಮಾನದಿಂದ ನೋಡಿ, "ಏನಮ್ಮಾ, ಹೊಸದಾಗಿ? ನಾಳೆ ನೆಂಟರು ಜಾಸ್ತಿ ಜನ ಬರ್ತಾರಾ?" ಎಂದಳು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. "ಇಲ್ಲ, ಕೂತ್ಕೋ. ನಿನ್ನ ಮಕ್ಕಳ ವಿಷಯ ಹೇಳು" ಅಂದೆ.

ಮೊಮ್ಮಗಳು ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಏನೂ ಹೇಳಲಿಲ್ಲ. ಅವರೆಕಾಳಿನ ಪಾತ್ರೆ ಎತ್ತಿಕೊಂಡು ಒಳಗೆ ಬಂದು ನಮ್ಮ ಜೊತೆ ಕೂತಳು.